‘ಮಾನವ ದೋಷ’ ಎಂದು ಬರೆದು ಫೈಲ್ ಮುಚ್ಚುವ ಮುನ್ನ

ಪ್ರಶ್ನೆ: ನಾನು ಕುಂದಾಪುರ ಕಡೆಯವನು. ಸೆಕೆಂಡ್ ಆಫೀಸರ್ ಆಗಿ ಹಡಗಿನಲ್ಲಿ ಕೆಲಸ ಮಾಡಿ, ಈಗ ಮುಂಬೈಯ ಒಂದು ಶಿಪ್ ಮ್ಯಾನೇಜ್‌ಮೆಂಟ್ ಕಂಪನಿಯ ಸೇಫ್ಟಿ ವಿಭಾಗ ಸೇರಿದ್ದೇನೆ. ಕಾಗದದ ಮೇಲೆ ನಮ್ಮ ಹಡಗುಗಳದ್ದು ಎಲ್ಲಾ ಚೆನ್ನಾಗಿದೆ. ವಿಶ್ರಾಂತಿ ದಾಖಲೆ ಸ್ವಚ್ಛ. ನಿಯರ್ ಮಿಸ್ (ಸ್ವಲ್ಪದರಲ್ಲಿ ತಪ್ಪಿದ ಅಪಘಾತದ) ವರದಿಗಳು ತಿಂಗಳು ತಪ್ಪದೆ ಬರುತ್ತವೆ. ಆಡಿಟ್‌ನಲ್ಲಿ ದೊಡ್ಡದೇನೂ ಸಿಗುವುದಿಲ್ಲ. ಆದರೂ ಮೊನ್ನೆ ಒಂದು ಹಡಗಿನಲ್ಲಿ ಮೂರಿಂಗ್ ಮಾಡುವಾಗ, ಅಂದರೆ ಹಡಗನ್ನು ದಡಕ್ಕೆ ಕಟ್ಟುವಾಗ, ಹಗ್ಗ ತುಂಡಾಗಿ ಬಡಿದು ಒಬ್ಬ ಎಬಿಯ (ಅನುಭವಿ ಡೆಕ್ ನಾವಿಕನ) ಕಾಲು ಮುರಿಯಿತು. ‘ಮಾನವ ದೋಷ, ಗಮನದ ಕೊರತೆ, ಮರುತರಬೇತಿ ಕೊಡಲಾಗಿದೆ’ ಎಂದು ತನಿಖಾ ವರದಿ ಮುಗಿಸಿದರು. ಈಗ ನಮ್ಮ ಮ್ಯಾನೇಜರ್ ‘ಹ್ಯೂಮನ್ ಫ್ಯಾಕ್ಟರ್ಸ್ ಅಸೆಸ್‌ಮೆಂಟ್ (ಮಾನವ ಅಂಶಗಳ ಮೌಲ್ಯಮಾಪನ) ಕೂಡ ಸೇರಿಸಬೇಕು, ಒಂದು ಚೆಕ್‌ಲಿಸ್ಟ್ ಮಾಡಿ ಕೊಡಿ’ ಎನ್ನುತ್ತಿದ್ದಾರೆ. ಎಲ್ಲಿಂದ ಶುರು ಮಾಡಲಿ?

ಉತ್ತರ: ಚೆಕ್‌ಲಿಸ್ಟ್ ಆಮೇಲೆ ನೋಡೋಣ. ಮೊದಲು ಆ ಮೂರಿಂಗ್ ವರದಿಯನ್ನೇ ಮತ್ತೆ ತೆರೆಯಿರಿ. ನೀವು ಕಲಿಯಬೇಕಾದದ್ದರಲ್ಲಿ ಮುಕ್ಕಾಲು ಪಾಲು ಅದರಲ್ಲೇ ಇದೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಹಡಗಿನವನು ತಪ್ಪು ಮಾಡಿದ್ದಾನೆ ಎಂದು ಗೊತ್ತಾದಾಗಲೇ ತನಿಖೆ ಶುರುವಾಗಬೇಕು. ನಮ್ಮಲ್ಲಿ ಹೆಚ್ಚಿನ ಕಂಪನಿಗಳು ಅಲ್ಲಿಗೇ ನಿಲ್ಲಿಸುತ್ತವೆ. ಆ ಮನುಷ್ಯ ಆ ಕೆಲಸವನ್ನು ಆ ರೀತಿ ಮಾಡಲು ಯಾವ ಏರ್ಪಾಡು ಕಾರಣವಾಯಿತೋ, ಅದನ್ನು ಅಳೆಯುವುದೇ ನಿಮ್ಮ ಕೆಲಸ. ಆ ಏರ್ಪಾಡಿನ ಅರ್ಧ ಭಾಗ ಹಡಗಿನಲ್ಲಿ ಇಲ್ಲವೇ ಇಲ್ಲ, ನಿಮ್ಮ ಆಫೀಸಿನಲ್ಲಿದೆ.

ಆ ಎಬಿ ಅಲ್ಲಿ ಯಾಕೆ ನಿಂತಿದ್ದ? ವರದಿಯಲ್ಲಿ ‘ಅಪಾಯದ ಜಾಗದಲ್ಲಿ ನಿಂತಿದ್ದ’ ಎಂದು ಖಂಡಿತ ಬರೆದಿರುತ್ತಾರೆ. ನೀವು ಹಡಗಿನ ಮುಂಭಾಗದ ಡೆಕ್‌ನ ನಕ್ಷೆ ತರಿಸಿಕೊಳ್ಳಿ. ಹಗ್ಗ ಎಳೆಯುವ ಯಂತ್ರ ವಿಂಚ್‌ನ ಲಿವರ್ ಎಲ್ಲಿದೆ, ಹಗ್ಗ ಯಾವ ರೋಲರ್ ಸುತ್ತಿ ಹೊರಗೆ ಹೋಗುತ್ತದೆ, ಆಫೀಸರ್ ಎಲ್ಲಿ ನಿಲ್ಲುತ್ತಾನೆ ಎಂದು ಪೆನ್ಸಿಲ್‌ನಲ್ಲಿ ಗುರುತು ಹಾಕಿ. ಬಹಳಷ್ಟು ಹಡಗುಗಳಲ್ಲಿ ಲಿವರ್ ಹಿಡಿದವನಿಗೆ ಹಡಗಿನ ಬದಿಯೂ ಕಾಣುವುದಿಲ್ಲ, ಕೆಳಗಿನ ಜೆಟ್ಟಿಯೂ ಕಾಣುವುದಿಲ್ಲ. ಆಫೀಸರ್ ಬದಿಗೆ ಹೋಗಿ ಬಗ್ಗಿ ನೋಡುತ್ತಾನೆ. ಅವನ ಕೈಸನ್ನೆ ವಿಂಚ್‌ನವನಿಗೆ ಕಾಣದಿದ್ದರೆ ನಡುವೆ ಇನ್ನೊಬ್ಬ ನಿಂತು ದಾಟಿಸಬೇಕು. ಆ ಇನ್ನೊಬ್ಬ ನಿಲ್ಲುವ ಜಾಗ ಹೆಚ್ಚಾಗಿ ಬಿಗಿಯಾದ ಹಗ್ಗದ ದಾರಿಯಲ್ಲೇ ಇರುತ್ತದೆ. ಹಾಗಿದ್ದರೆ ಅವನನ್ನು ಅಲ್ಲಿ ನಿಲ್ಲಿಸಿದ್ದು ಅವನ ಅಜಾಗರೂಕತೆಯಾ, ಡೆಕ್‌ನ ವಿನ್ಯಾಸವಾ? ಮರುತರಬೇತಿ ಕೊಟ್ಟರೆ ಲಿವರ್ ಜಾಗ ಬದಲಾಗುತ್ತದಾ?

ಮುಂದಕ್ಕೆ ಹೋಗಿ. ಮುಂಭಾಗದಲ್ಲಿ ಅಂದು ಎಷ್ಟು ಜನ ಇದ್ದರು, ಪ್ರೊಸೀಜರ್ ಪ್ರಕಾರ ಎಷ್ಟು ಜನ ಇರಬೇಕಿತ್ತು? ಆ ಹಗ್ಗಕ್ಕೆ ಎಷ್ಟು ವಯಸ್ಸು? ಹೊಸ ಹಗ್ಗ ಬೇಕೆಂದು ಹಡಗಿನಿಂದ ಯಾವಾಗಲಾದರೂ ರಿಕ್ವಿಸಿಷನ್ (ಬೇಡಿಕೆ ಪತ್ರ) ಬಂದಿತ್ತಾ? ಬಂದಿದ್ದರೆ ಆಫೀಸಿನಲ್ಲಿ ಯಾರು, ಏನು ಉತ್ತರ ಕೊಟ್ಟರು? 2024ರ ಜನವರಿ 1ರಿಂದ ಸೋಲಾಸ್ ಎಂಬ ಅಂತರರಾಷ್ಟ್ರೀಯ ಹಡಗು ಸುರಕ್ಷತಾ ನಿಯಮದ ಪ್ರಕಾರ ಹಳೆಯ ಹಡಗುಗಳಲ್ಲೂ ಮೂರಿಂಗ್ ಹಗ್ಗಗಳ ತಪಾಸಣೆ, ನಿರ್ವಹಣೆಯ ದಾಖಲೆ ಇಡಲೇಬೇಕು. ಆ ದಾಖಲೆ ತೆಗೆಸಿ ನೋಡಿ. ಇನ್ನೂ ಒಂದು ಕೆಲಸ ಇದೆ. ಗಾಯಗೊಂಡ ಆ ಎಬಿ ಜೊತೆ ನೀವೇ ಮಾತಾಡಿ. ಅವನು ಸಹಿ ಹಾಕಿದ ಹೇಳಿಕೆ ಫೈಲಿನಲ್ಲಿರಬಹುದು. ಅದನ್ನು ಟೈಪ್ ಮಾಡಿದ್ದು ಅವನಲ್ಲ ಎಂದು ನಮಗೆಲ್ಲ ಗೊತ್ತು. ‘ಬೇರೆ ಬಂದರುಗಳಲ್ಲಿ ಎಲ್ಲಿ ನಿಲ್ಲುತ್ತಿದ್ರಿ?’ ಎಂದು ಕೇಳಿ. ‘ಅಲ್ಲೇ’ ಎಂದು ಉತ್ತರ ಬಂದರೆ ಇದು ಒಂದು ದಿನದ ತಪ್ಪಲ್ಲ. ನಿಮ್ಮ ಬೇರೆ ಹಡಗುಗಳಲ್ಲೂ ಇವತ್ತು ಯಾರೋ ಅಲ್ಲೇ ನಿಂತಿರುತ್ತಾರೆ.

2015ರ ಮಾರ್ಚ್ 2ರಂದು ಬ್ರಿಟನ್‌ನ ಮಿಲ್ಫರ್ಡ್ ಹೇವನ್‌ನಲ್ಲಿ ಝಾರ್ಗಾ ಎಂಬ ಎಲ್‌ಎನ್‌ಜಿ ಹಡಗನ್ನು ಟರ್ಮಿನಲ್‌ಗೆ ಕಟ್ಟುವಾಗ ಹಗ್ಗ ತುಂಡಾಯಿತು. ಮುಂಭಾಗದ ಹೊಣೆ ಹೊತ್ತ ಆಫೀಸರ್ ತಲೆಗೇ ಬಡಿಯಿತು, ತೀವ್ರ ಗಾಯವಾಯಿತು. ಅದು ಎಚ್‌ಎಂಪಿಇ ಎಂಬ ಗಟ್ಟಿ ಕೃತಕ ನಾರಿನ ಹಗ್ಗ. ಅದು ಹಿಗ್ಗುವುದು ಕಡಿಮೆ. ಹಾಗಾಗಿ ತುಂಡಾದರೂ ಹಿಂದಕ್ಕೆ ಜೋರಾಗಿ ಚಿಮ್ಮುವುದಿಲ್ಲ ಎಂಬ ನಂಬಿಕೆ ಇಡೀ ಉದ್ಯಮದಲ್ಲಿತ್ತು. ಹಗ್ಗದ ತುದಿಗೆ ಸೇರಿಸಿದ ಹಿಗ್ಗುವ ತುಂಡು ಹಗ್ಗದಿಂದಾಗಿ (ಟೇಲ್) ಅದೂ ಚಿಮ್ಮುತ್ತದೆ ಎಂದು ಬ್ರಿಟನ್‌ನ ಅಪಘಾತ ತನಿಖಾ ಸಂಸ್ಥೆ ಎಂಎಐಬಿ ತೋರಿಸಿಕೊಟ್ಟಿತು. ಆ ಆಫೀಸರ್ ಎಷ್ಟೇ ಎಚ್ಚರದಿಂದ ಇದ್ದರೂ ತಾನು ನಿಂತ ಜಾಗ ಅಪಾಯದ್ದು ಎಂದು ತಿಳಿಯುವ ದಾರಿ ಅವನಿಗಿರಲಿಲ್ಲ. ಅಂಥ ಕಡೆ ‘ಗಮನದ ಕೊರತೆ’ ಎಂದು ಬರೆದಿದ್ದರೆ ಹಗ್ಗದ ವಿಷಯ ಇವತ್ತಿಗೂ ಹೊರಗೆ ಬರುತ್ತಿರಲಿಲ್ಲ.

ನಿಮ್ಮ ಮ್ಯಾನೇಜರ್ ‘ಆಫೀಸನ್ನು ಯಾಕೆ ಇದರಲ್ಲಿ ಎಳೀತೀರಿ’ ಎಂದು ಕೇಳಬಹುದು. ಅವರಿಗೆ ಹಡಗುಗಳ ಸುರಕ್ಷಿತ ನಿರ್ವಹಣೆಯ ಅಂತರರಾಷ್ಟ್ರೀಯ ನಿಯಮಾವಳಿಯಾದ ಐಎಸ್‌ಎಂ ಕೋಡ್ ಹುಟ್ಟಿದ ಕಥೆ ನೆನಪಿಸಿ. ಕೋಡ್‌ನ ಕಲಮುಗಳನ್ನು ಬಾಯಿಪಾಠ ಹೇಳುವವರು ಬಹಳ ಮಂದಿ ಇದ್ದಾರೆ, ಅದು ಯಾಕೆ ಬಂತು ಎಂದು ಪೂರ್ತಿ ಓದಿದವರು ಕಡಿಮೆ.

1987ರ ಮಾರ್ಚ್ 6ರ ಸಂಜೆ. ಬೆಲ್ಜಿಯಂನ ಝೀಬ್ರಗ್ ಬಂದರಿನಿಂದ ಹೆರಾಲ್ಡ್ ಆಫ್ ಫ್ರೀ ಎಂಟರ್‌ಪ್ರೈಸ್ ಎಂಬ ಫೆರಿ ಇಂಗ್ಲೆಂಡಿನ ಡೋವರ್ ಕಡೆಗೆ ಹೊರಟಿತು. ಮುಂಭಾಗದ ದೊಡ್ಡ ಬಾಗಿಲು ತೆರೆದೇ ಇತ್ತು. ಬಂದರು ದಾಟಿ ವೇಗ ಹಿಡಿಯುತ್ತಿದ್ದಂತೆ ವಾಹನಗಳಿದ್ದ ಡೆಕ್‌ಗೆ ನೀರು ನುಗ್ಗಿತು. ಕೆಲವೇ ನಿಮಿಷದಲ್ಲಿ ಹಡಗು ಮಗುಚಿತು. 193 ಜನ ಸತ್ತರು. ಬಾಗಿಲು ಮುಚ್ಚಬೇಕಿದ್ದ ಅಸಿಸ್ಟೆಂಟ್ ಬೋಸನ್ (ಡೆಕ್ ನಾವಿಕರ ಮೇಸ್ತ್ರಿಯ ಸಹಾಯಕ) ತನ್ನ ಕ್ಯಾಬಿನ್‌ನಲ್ಲಿ ಮಲಗಿಬಿಟ್ಟಿದ್ದ.

ನಿಮ್ಮ ಕಂಪನಿಯ ವರದಿ ಬರೆದವರ ಕೈಗೆ ಇದು ಸಿಕ್ಕಿದ್ದರೆ ಆ ಮಲಗಿದವನ ಹೆಸರು ಬರೆದು ಮುಗಿಸುತ್ತಿದ್ದರು. ನ್ಯಾಯಮೂರ್ತಿ ಶೀನ್ ನಡೆಸಿದ ವಿಚಾರಣೆ ಹಾಗೆ ಮಾಡಲಿಲ್ಲ. ಅವರು ಒಂದೊಂದೇ ಮೆಟ್ಟಿಲು ಹತ್ತಿದರು. ಬಾಗಿಲು ತೆರೆದಿರುವುದನ್ನು ಬೋಸನ್ ನೋಡಿದ್ದ, ಆದರೆ ಅದನ್ನು ಮುಚ್ಚುವುದು ತನ್ನ ಕೆಲಸ ಎಂದು ಅವನಿಗೆ ಅನ್ನಿಸಲಿಲ್ಲ. ಬಾಗಿಲು ಮುಚ್ಚಿದೆಯೇ ಎಂದು ಖಾತ್ರಿ ಮಾಡಿಕೊಳ್ಳಬೇಕಿದ್ದ ಚೀಫ್ ಆಫೀಸರ್ ಅದೇ ಹೊತ್ತಿಗೆ ಹಡಗು ನಡೆಸುವ ಕೋಣೆಯಾದ ಬ್ರಿಡ್ಜ್‌ನಲ್ಲಿಯೂ ಇರಬೇಕೆಂದು ಕಂಪನಿಯ ಆದೇಶ ಇತ್ತು. ಒಬ್ಬನೇ ಎರಡು ಕಡೆ ಹೇಗೆ ಇರುತ್ತಾನೆ? ಆ ಮಾರ್ಗದಲ್ಲಿ ಡೋವರ್–ಕ್ಯಾಲೆ ಮಾರ್ಗಕ್ಕಿಂತ ಒಬ್ಬ ಡೆಕ್ ಆಫೀಸರ್ ಕಡಿಮೆ ಇದ್ದ. ಕ್ಯಾಪ್ಟನ್‌ಗೆ ಬ್ರಿಡ್ಜ್‌ನಿಂದ ಬಾಗಿಲು ಕಾಣುತ್ತಿರಲಿಲ್ಲ. ಯಾರೂ ಏನೂ ಹೇಳದಿದ್ದರೆ ಎಲ್ಲಾ ಸರಿ ಇದೆ ಎಂದುಕೊಳ್ಳುವುದು ಅಲ್ಲಿನ ರೂಢಿ. ಹೊರಡುವುದು ತಡವಾಗಬಾರದು, ಬೇಗ ಹೊರಡಿಸಿ ಎಂದು ದಡದ ಮ್ಯಾನೇಜರ್ ಒಬ್ಬರು ಮೊದಲೇ ಲಿಖಿತವಾಗಿ ಒತ್ತಡ ಹಾಕಿದ್ದರು.

ಇದಕ್ಕಿಂತ ನೋವಿನ ಸಂಗತಿ ಇನ್ನೊಂದಿದೆ. ಅದೇ ಕಂಪನಿಯ ಇನ್ನೊಂದು ಹಡಗು 1983ರಲ್ಲೇ ಬಾಗಿಲು ತೆರೆದುಕೊಂಡು ಹೊರಟಿತ್ತು. ಆಗಲೂ ಕಾರಣ ಅಸಿಸ್ಟೆಂಟ್ ಬೋಸನ್ ನಿದ್ದೆಹೋದದ್ದು. ಬಾಗಿಲು ಮುಚ್ಚಿದೆಯೋ ಇಲ್ಲವೋ ಎಂದು ತೋರಿಸುವ ದೀಪವನ್ನು ಬ್ರಿಡ್ಜ್‌ನಲ್ಲಿ ಹಾಕಿಸಿಕೊಡಿ ಎಂದು ಆ ಕಂಪನಿಯ ಕ್ಯಾಪ್ಟನ್‌ಗಳೇ ಬರೆದು ಕೇಳಿದ್ದರು. ದಡದ ಮ್ಯಾನೇಜರ್‌ಗಳು ಅದನ್ನು ಹಗುರವಾಗಿ ತಳ್ಳಿಹಾಕಿದರು. ದುರಂತ ಆದ ಕೆಲವೇ ದಿನಗಳಲ್ಲಿ ಉಳಿದ ಹಡಗುಗಳಿಗೆ ಅದೇ ದೀಪ ಬಂತು. ಕಂಪನಿಗೆ ಮೇಲಿನಿಂದ ಕೆಳಗಿನವರೆಗೆ ಅಸಡ್ಡೆಯ ರೋಗ ತಗುಲಿತ್ತು ಎಂದು ಶೀನ್ ವರದಿ ಹೇಳಿತು.

ಈ ದುರಂತದ ನಂತರದ ಚರ್ಚೆಯಿಂದಲೇ ಐಎಸ್‌ಎಂ ಕೋಡ್ ರೂಪುಗೊಂಡಿತು. ಅಂತರರಾಷ್ಟ್ರೀಯ ಕಡಲ ಸಂಸ್ಥೆ ಐಎಂಒ ಅದನ್ನು 1993ರಲ್ಲಿ ಅಂಗೀಕರಿಸಿತು. 1998ರ ಜುಲೈ 1ರಿಂದ ಪ್ರಯಾಣಿಕರ ಹಡಗು, ಟ್ಯಾಂಕರ್, ಬಲ್ಕ್ ಕ್ಯಾರಿಯರ್‌ಗಳಿಗೆ, 2002ರಿಂದ ಉಳಿದ ಸರಕು ಹಡಗುಗಳಿಗೆ ಕಡ್ಡಾಯವಾಯಿತು. ಕೋಡ್ ಮೊದಲು ಹಿಡಿದದ್ದು ಕಂಪನಿಯನ್ನು. ಡಿಪಿಎ (ಕಂಪನಿ ದಡದಲ್ಲಿ ನೇಮಿಸುವ ಸುರಕ್ಷತಾ ಹೊಣೆಗಾರ) ಎಂಬ ಹುದ್ದೆ ಇಟ್ಟದ್ದು ಹಡಗಿನವನ ಮಾತು ನೇರವಾಗಿ ಆಡಳಿತದ ಮೇಲ್ಮಟ್ಟ ಮುಟ್ಟಲಿ ಎಂದು. ದೀಪ ಕೇಳಿದ ಆ ಕ್ಯಾಪ್ಟನ್‌ಗಳ ಪತ್ರ ನೇರ ಮೇಲಕ್ಕೆ ಹೋಗುವ ದಾರಿ ಇದ್ದಿದ್ದರೆ ಎಂದು ಯೋಚಿಸಿ ನೋಡಿ. ಡಿಪಿಎ ಯಾಕೆ ಬೇಕು ಎಂದು ಯಾರೂ ಬೇರೆ ಪಾಠ ಹೇಳಬೇಕಾಗಿಲ್ಲ.

ಈಗ ಅಳೆಯುವ ಕೆಲಸಕ್ಕೆ ಬರೋಣ. ‘ವಿಶ್ರಾಂತಿ ದಾಖಲೆ ಸ್ವಚ್ಛ’ ಎಂದಿದ್ದೀರಿ. ನನಗೆ ಮೊದಲು ಅನುಮಾನ ಬರುವುದೇ ಅಲ್ಲಿ. ನಾವಿಕರ ತರಬೇತಿ, ಪಾಳಿ ಕುರಿತ ಅಂತರರಾಷ್ಟ್ರೀಯ ನಿಯಮ ಎಸ್‌ಟಿಸಿಡಬ್ಲ್ಯೂ ನಿಮಗೆ ಗೊತ್ತೇ ಇದೆ. ಯಾವುದೇ 24 ಗಂಟೆಯಲ್ಲಿ ಕನಿಷ್ಠ 10 ಗಂಟೆ, 7 ದಿನದಲ್ಲಿ 77 ಗಂಟೆ ವಿಶ್ರಾಂತಿ. ಆ 10 ಗಂಟೆಯನ್ನು ಎರಡಕ್ಕಿಂತ ಹೆಚ್ಚು ತುಂಡು ಮಾಡುವಂತಿಲ್ಲ, ಒಂದು ತುಂಡು ಕನಿಷ್ಠ 6 ಗಂಟೆ ಇರಬೇಕು. ಸಮುದ್ರದ ಮಧ್ಯೆ ಇದನ್ನು ಪಾಲಿಸುವುದು ಕಷ್ಟ ಇಲ್ಲ. ಹತ್ತಿರ ಹತ್ತಿರದ ಬಂದರುಗಳಲ್ಲಿ ಓಡಾಡುವ ಟ್ಯಾಂಕರ್‌ನ ಚೀಫ್ ಆಫೀಸರ್‌ಗೆ ಇದು ಹೇಗೆ ಸಾಧ್ಯ ಎಂದು ಹಡಗಿನಲ್ಲಿ ಇದ್ದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹಾಗಿದ್ದೂ ಹಾಳೆಯಲ್ಲಿ ಒಂದು ಉಲ್ಲಂಘನೆಯೂ ಇಲ್ಲ ಎಂದರೆ, ಹಾಳೆ ಏನನ್ನೋ ಮುಚ್ಚಿಡುತ್ತಿದೆ.

ಹಾಳೆಯನ್ನು ಒಂಟಿಯಾಗಿ ನೋಡಬೇಡಿ. ಪಕ್ಕದಲ್ಲಿ ಬೇರೆ ದಾಖಲೆಗಳನ್ನಿಡಿ. ಒಂದು ಟ್ಯಾಂಕರ್ ರಾತ್ರಿ 10 ಗಂಟೆಗೆ ಬಂದರಿಗೆ ದಾರಿ ತೋರುವ ಪೈಲಟ್‌ನನ್ನು ಹತ್ತಿಸಿಕೊಂಡಿತು, 12ಕ್ಕೆ ಕಟ್ಟಿ ಮುಗಿಯಿತು ಎಂದಿಟ್ಟುಕೊಳ್ಳಿ. ಒಂದು ಗಂಟೆಗೆ ಕಾರ್ಗೋ ಸರ್ವೇಯರ್ ಹತ್ತಿದ, ಎರಡಕ್ಕೆ ಟರ್ಮಿನಲ್‌ನವರ ಜೊತೆ ಮೀಟಿಂಗ್, ಮೂರೂವರೆಗೆ ಕಾರ್ಗೋ ಶುರು. ಇದೆಲ್ಲ ಬಂದರಿನ ಸ್ಟೇಟ್‌ಮೆಂಟ್ ಆಫ್ ಫ್ಯಾಕ್ಟ್ಸ್‌ನಲ್ಲಿ ಗಂಟೆ ನಿಮಿಷ ಸಮೇತ ಇರುತ್ತದೆ, ಕೆಲವು ಕಾಗದದ ಮೇಲೆ ಚೀಫ್ ಆಫೀಸರ್ ಸಹಿಯೂ ಇರುತ್ತದೆ. ಅದೇ ರಾತ್ರಿಯ ವಿಶ್ರಾಂತಿ ಹಾಳೆ ನೋಡಿದರೆ 22ರಿಂದ 4 ಗಂಟೆವರೆಗೆ ಅವನು ಮಲಗಿದ್ದಾನೆ! ಎಂಜಿನ್ ವಿಭಾಗಕ್ಕೂ ಇದೇ ದಾರಿ. ರಾತ್ರಿ ಯಾರೂ ಇಲ್ಲದೆ ನಡೆಯುವ ಎಂಜಿನ್ ರೂಮ್ ಆದರೆ ಅಲಾರ್ಮ್ ಲಾಗ್ ತೆಗೆಸಿ. ಎಷ್ಟು ಸಲ ಅಲಾರ್ಮ್ ಹೊಡೆದಿದೆ, ಡ್ಯೂಟಿ ಎಂಜಿನಿಯರ್ ಎಷ್ಟು ಸಲ ಎದ್ದು ಕೆಳಗೆ ಹೋಗಿದ್ದಾನೆ ಎಂದು ಅಲ್ಲಿ ಗೊತ್ತಾಗುತ್ತದೆ. ವಿಶ್ರಾಂತಿ ಹಾಳೆಯಲ್ಲಿ ಅವನ ನಿದ್ದೆಗೆ ಒಂದು ಭಂಗವೂ ಇರುವುದಿಲ್ಲ.

ಈಗಿನ ಸಾಫ್ಟ್‌ವೇರ್ ಇದನ್ನು ಇನ್ನಷ್ಟು ಹದಗೆಡಿಸಿದೆ. ನಿಜ ತುಂಬಿದರೆ ಕೆಂಪು ಬಣ್ಣ ಬರುತ್ತದೆ, ಕೆಂಪು ಬಂದರೆ ಆಫೀಸಿನಿಂದ ‘ವಿವರಣೆ ಕೊಡಿ’ ಎಂದು ಮೇಲ್ ಬರುತ್ತದೆ. ಹಾಗಾಗಿ ಹಸಿರಾಗುವ ತನಕ ಗಂಟೆಗಳನ್ನು ತಿದ್ದುತ್ತಾರೆ. ಸ್ವೀಡನ್‌ನ ಮಾಲ್ಮೋದಲ್ಲಿರುವ ವರ್ಲ್ಡ್ ಮ್ಯಾರಿಟೈಮ್ ಯೂನಿವರ್ಸಿಟಿ 2020ರಲ್ಲಿ ಪ್ರಕಟಿಸಿದ ಅಧ್ಯಯನ ಇದೇ ಮಾತನ್ನು ಹೇಳಿತು. ದಾಖಲೆ ಹೊಂದಿಸಿ ಬರೆಯುವುದು ಕೆಲವರ ಕೆಟ್ಟ ಚಾಳಿ ಅಲ್ಲ, ಅದು ಇಡೀ ವ್ಯವಸ್ಥೆಯಲ್ಲಿ ಬೇರೂರಿದ ರೂಢಿ ಎಂದು.

ಇದು ಸಿಕ್ಕಿದಾಗ ನೀವು ಏನು ಮಾಡುತ್ತೀರಿ ಎನ್ನುವುದೇ ಮುಖ್ಯ. ಚೀಫ್ ಆಫೀಸರ್ ಮೇಲೆ ನಾನ್-ಕನ್ಫಾರ್ಮಿಟಿ (ನಿಯಮ ಪಾಲಿಸಿಲ್ಲ ಎಂಬ ಟಿಪ್ಪಣಿ) ಬರೆದರೆ ಮುಂದಿನ ಸಲ ಅವನು ಇನ್ನೂ ಜಾಣತನದಿಂದ ಬರೆಯುತ್ತಾನೆ, ಅಷ್ಟೇ. ‘ನಿಜ ಬರೆದಿದ್ದರೆ ಆ ವಾರ ಎಷ್ಟು ಉಲ್ಲಂಘನೆ ಬರುತ್ತಿತ್ತು? ಅದನ್ನು ತಪ್ಪಿಸಲು ಇನ್ನೊಬ್ಬ ಆಫೀಸರ್ ಬೇಕಿತ್ತಾ, ಅಥವಾ ಆರು ಗಂಟೆ ತಡವಾಗಿ ಕಟ್ಟಿದ್ದರೆ ಸಾಕಿತ್ತಾ?’ ಎಂದು ಕೇಳಿ. ಉತ್ತರವನ್ನು ಸಿಬ್ಬಂದಿ ನೇಮಿಸುವ ಕ್ರೂಯಿಂಗ್ ವಿಭಾಗಕ್ಕೂ ಆಪರೇಷನ್ಸ್ ವಿಭಾಗಕ್ಕೂ ಒಯ್ಯಿರಿ. ಸೇಫ್ ಮ್ಯಾನಿಂಗ್ ದಾಖಲೆಯಲ್ಲಿರುವುದು ಹಡಗಿನಲ್ಲಿ ಇರಲೇಬೇಕಾದ ಸಿಬ್ಬಂದಿಯ ಕನಿಷ್ಠ ಸಂಖ್ಯೆ. ಅದನ್ನೇ ಸಾಕಾದ ಸಂಖ್ಯೆ ಎಂದು ತಿಳಿದು ಬಜೆಟ್ ಮಾಡುವುದು ನಮ್ಮ ಉದ್ಯಮದ ಹಳೆಯ ಕಾಯಿಲೆ.

ದಣಿವಿನಿಂದ ಏನಾಗುತ್ತದೆ ಎಂಬುದಕ್ಕೆ ಆಧಾರ ಬೇಕೆಂದರೆ ಎಂಎಐಬಿಯ 2004ರ ಬ್ರಿಡ್ಜ್ ವಾಚ್ (ಪಾಳಿ ಕಾವಲು) ಅಧ್ಯಯನ ನೋಡಿ. ಅವರು ಪರಿಶೀಲಿಸಿದ ಹಡಗು ನೆಲಕಚ್ಚಿದ ಪ್ರಕರಣಗಳ ಮೂರನೇ ಒಂದು ಭಾಗದಲ್ಲಿ, ದಣಿದ ಆಫೀಸರ್ ಒಬ್ಬನೇ ರಾತ್ರಿ ಬ್ರಿಡ್ಜ್‌ನಲ್ಲಿದ್ದ. ಕತ್ತಲಾದ ಮೇಲೆ ಲುಕ್‌ಔಟ್, ಅಂದರೆ ಸುತ್ತ ಕಣ್ಣಿಟ್ಟು ನೋಡುವ ಇನ್ನೊಬ್ಬ, ಕಡ್ಡಾಯ. ಹಗಲಿನಲ್ಲಿ ಮಾತ್ರ, ಅದೂ ಕೆಲವು ಷರತ್ತಿನ ಮೇಲೆ, ಆಫೀಸರ್ ಒಬ್ಬನೇ ಇರಬಹುದು. ಆದರೆ ಮಾರನೇ ದಿನ ಡೆಕ್‌ನಲ್ಲಿ ತುಕ್ಕು ಕೆರೆದು ಪೇಂಟ್ ಹೊಡೆಯಲು ಜನ ಬೇಕು ಎಂದು ರಾತ್ರಿಯ ಎಬಿಯನ್ನು ಮಲಗಲು ಕಳಿಸುವ ಹಡಗುಗಳಿವೆ. ಲಾಗ್‌ನಲ್ಲಿ ಅವನ ಹೆಸರು ಇರುತ್ತದೆ. ನಮ್ಮ ಕರಾವಳಿಯಲ್ಲಿ ರಾತ್ರಿ ಸಾಗಿದವರಿಗೆ ಇದರ ಗಂಭೀರತೆ ಬೇಗ ಅರ್ಥವಾಗುತ್ತದೆ. ರಾಡಾರ್‌ನಲ್ಲಿ ಸರಿಯಾಗಿ ಕಾಣದ ಮೀನುಗಾರಿಕಾ ದೋಣಿಗಳ ಮಂದ ದೀಪಗಳನ್ನು ಒಂದೇ ಜೊತೆ ಕಣ್ಣು ಎಷ್ಟು ಹೊತ್ತು ಎಣಿಸೀತು? 2021ರ ಏಪ್ರಿಲ್‌ನಲ್ಲಿ ಮಂಗಳೂರಿನ ಆಚೆ ಕಡಲಲ್ಲಿ ಸರಕು ಹಡಗು ಮತ್ತು ಕೇರಳದ ಬೇಪೂರಿನ ಮೀನುಗಾರಿಕಾ ದೋಣಿಯ ಡಿಕ್ಕಿಯಲ್ಲಿ ಜೀವ ಕಳೆದುಕೊಂಡವರನ್ನು ಕರಾವಳಿ ಮರೆತಿಲ್ಲ. ಆ ಘಟನೆಯ ಕಾರಣದ ಬಗ್ಗೆ ಇಲ್ಲಿ ಏನೂ ಹೇಳುತ್ತಿಲ್ಲ. ಲುಕ್‌ಔಟ್ ಎಂಬ ಸಾಲು ಯಾರ ಜೀವಕ್ಕೆ ಸಂಬಂಧಿಸಿದ್ದು ಎಂದಷ್ಟೇ ಹೇಳುತ್ತಿದ್ದೇನೆ.

ನಿಯರ್ ಮಿಸ್ ವರದಿಗಳ ವಿಷಯ. ತಿಂಗಳಿಗೆ ಇಷ್ಟು ಬರಲೇಬೇಕು ಎಂದು ಕಂಪನಿ ಸಂಖ್ಯೆ ಕೊಟ್ಟಿದ್ದರೆ ಅಷ್ಟೇ ಬರುತ್ತದೆ. ಹೆಲ್ಮೆಟ್ ಪಟ್ಟಿ ಕಟ್ಟಿರಲಿಲ್ಲ, ಗ್ಯಾಲಿಯಲ್ಲಿ ನೆಲ ಒದ್ದೆಯಾಗಿತ್ತು, ಅಂಥವೇ. ಸಂಖ್ಯೆ ಬಿಟ್ಟು ಮೂರು ವಿಷಯ ನೋಡಿ. ಕ್ಯಾಪ್ಟನ್ ಅಥವಾ ಆಫೀಸಿನ ನಿರ್ಧಾರದ ಬಗ್ಗೆ ಒಂದಾದರೂ ವರದಿ ಬಂದಿದೆಯಾ? ವರದಿ ಕಳಿಸಿದವನಿಗೆ ಉತ್ತರ ಹೋಗಿದೆಯಾ? ಅದರಿಂದ ಹಡಗಿನಲ್ಲಿ ಕಣ್ಣಿಗೆ ಕಾಣುವ ಬದಲಾವಣೆ ಏನಾದರೂ ಆಗಿದೆಯಾ? ಬರೆದದ್ದಕ್ಕೆ ಏನೂ ಆಗದಿದ್ದರೆ ಜನ ಬರೆಯುವುದನ್ನು ಬಿಡುತ್ತಾರೆ, ಅಥವಾ ಸುಮ್ನೆ ಲೆಕ್ಕಕ್ಕೆ ಬರೆಯುತ್ತಾರೆ.

ಆಡಿಟ್‌ನಲ್ಲಿ ಏನೂ ಸಿಗದಿರುವುದಕ್ಕೂ ಕಾರಣ ಇದೆ. ನಾವು ಕಾಗದ ಕೇಳುತ್ತೇವೆ, ಕಾಗದ ಸಿಗುತ್ತದೆ. 2013ರ ಸೆಪ್ಟೆಂಬರ್‌ನಲ್ಲಿ ಓವಿಟ್ ಎಂಬ ಕೆಮಿಕಲ್ ಟ್ಯಾಂಕರ್ ಡೋವರ್ ಜಲಸಂಧಿಯ ವಾರ್ನ್ ಬ್ಯಾಂಕ್ ಮರಳುದಿಬ್ಬದ ಮೇಲೆ ಹತ್ತಿ ಕೂತಿತು. ಮಾರ್ಗ ಹಾಕಿದ್ದು ಅನುಭವ ಕಡಿಮೆ ಇದ್ದ ಆಫೀಸರ್, ಅದನ್ನು ಮೇಲಿನವರು ಸರಿಯಾಗಿ ಪರಿಶೀಲಿಸಿರಲಿಲ್ಲ. ಮಾರ್ಗ ನೇರವಾಗಿ ಆ ದಿಬ್ಬದ ಮೇಲೇ ಹೋಗಿತ್ತು. ವಿದ್ಯುನ್ಮಾನ ನಕ್ಷೆಯ ಯಂತ್ರ ಇಸಿಡಿಐಎಸ್‌ನ ಅಲಾರ್ಮ್ ಸದ್ದು ಮಾಡುತ್ತಿರಲಿಲ್ಲ. ಹಡಗು ನೆಲಕಚ್ಚಿದೆ ಎಂದು ವಾಚ್‌ನಲ್ಲಿದ್ದ ಆಫೀಸರ್‌ಗೆ ಗೊತ್ತಾಗಲು 19 ನಿಮಿಷ ಬೇಕಾಯಿತು. ಆಫೀಸರ್‌ಗಳ ಬಳಿ ಆ ಯಂತ್ರದ ತರಬೇತಿಯ ಸರ್ಟಿಫಿಕೇಟ್‌ಗಳಿದ್ದವು. ಆಡಿಟ್, ತಪಾಸಣೆ ಎಲ್ಲಾ ಆಗಿತ್ತು, ಯಾವುದೂ ಈ ಕೊರತೆ ಹಿಡಿದಿರಲಿಲ್ಲ.

ಹಾಗಾಗಿ ‘ಗೊತ್ತಾ?’ ಎಂದು ಕೇಳಬೇಡಿ. ‘ಮಾಡಿ ತೋರಿಸಿ’ ಎನ್ನಿ. ‘ಈಗಿನ ಡ್ರಾಫ್ಟ್‌ಗೆ (ಹಡಗು ನೀರಿನೊಳಗಿರುವ ಆಳಕ್ಕೆ) ಸೇಫ್ಟಿ ಕಾಂಟೂರ್ (ನಕ್ಷೆಯಲ್ಲಿ ಸುರಕ್ಷಿತ ಆಳದ ಗೆರೆ) ಎಷ್ಟು ಇಟ್ಟಿದ್ದೀರಿ, ಯಾಕೆ? ಬದಲಾಯಿಸಿ ತೋರಿಸಿ’ ಎಂದು ಸೆಕೆಂಡ್ ಆಫೀಸರ್‌ನನ್ನು ಕೇಳಿ. ಬೆರಳು ಎಲ್ಲಿ ತಡವರಿಸುತ್ತದೆ ಎಂದು ನೋಡಿ. ಬ್ರಿಡ್ಜ್‌ನಲ್ಲಿ ಆಫೀಸರ್ ನಿದ್ದೆಹೋದರೆ ಎಚ್ಚರಿಸುವ ಬಿಎನ್‌ವಾಸ್ ಯಂತ್ರ ಆನ್ ಇದೆಯಾ, ಅದರ ಪಾಸ್‌ವರ್ಡ್ ಅಥವಾ ಕೀ ಯಾರ ಹತ್ತಿರ ಇದೆ ಎಂದು ನೋಡಿ. ಆಫ್ ಮಾಡಿಟ್ಟಿದ್ದರೆ ಅದನ್ನು ಬರೆದುಕೊಂಡು ಹೊರಟುಬಿಡಬೇಡಿ, ಯಾಕೆ ಆಫ್ ಮಾಡಿದರು ಎಂದು ಕೇಳಿ. ಅನಗತ್ಯ ಅಲಾರ್ಮ್‌ಗಳ ಕಾಟ ತಡೆಯಲಾರದೆ ಮಾಡಿದ್ದಾರೆ ಎಂದರೆ ಅದು ಯಂತ್ರ ಜೋಡಿಸಿದ ರೀತಿಯ ಸಮಸ್ಯೆ. ಸಾಧ್ಯವಾದರೆ ಬಂದರಿನಲ್ಲಿ ಹತ್ತಿ ಬಂದರಿನಲ್ಲೇ ಇಳಿಯುವ ಆಡಿಟ್ ಬಿಟ್ಟು, ಎರಡು ಬಂದರುಗಳ ನಡುವೆ ಜೊತೆಗೆ ಪ್ರಯಾಣ ಮಾಡಿ. ಮೊದಲ ದಿನ ಎಲ್ಲರೂ ನಿಮಗಾಗಿ ಪುಸ್ತಕದ ಪ್ರಕಾರ ಕೆಲಸ ಮಾಡುತ್ತಾರೆ. ಬೆಳಗಿನ ಜಾವದ ಮೂರಿಂಗ್ ಹೊತ್ತಿಗೆ ಅಷ್ಟು ನೆನಪಿರುವುದಿಲ್ಲ. ಆಗ ನೋಡಿದ್ದೇ ನಿಜವಾದ ಕೆಲಸ.

ಮಾತಾಡಿಸುವುದಕ್ಕೂ ಒಂದು ರೀತಿ ಇದೆ. ಕ್ಯಾಪ್ಟನ್ ಪಕ್ಕದಲ್ಲಿ ಕೂತಿರುವಾಗ ‘ಏನಾದ್ರೂ ತೊಂದರೆ ಇದೆಯಾ?’ ಎಂದು ಓಎಸ್ (ಕಿರಿಯ ನಾವಿಕ) ಹುಡುಗನನ್ನು ಕೇಳಿದರೆ ‘ನೋ ಪ್ರಾಬ್ಲಂ ಸರ್’ ಎಂದೇ ಉತ್ತರ. ಮೆಸ್ ರೂಮ್‌ನಲ್ಲಿ ಊಟದ ಹೊತ್ತಿಗೆ, ಅವನಿಗೆ ಬರುವ ಭಾಷೆಯಲ್ಲಿ ಮಾತಾಡಿ. ‘ನಿನ್ನ ತಮ್ಮ ನಾಳೆ ಈ ಹಡಗಿಗೆ ಬಂದರೆ ಯಾವ ಕೆಲಸದಲ್ಲಿ ಹುಷಾರು ಅಂತ ಹೇಳ್ತೀಯ?’ ಎಂದು ಕೇಳಿ. ‘ಪ್ರೊಸೀಜರ್‌ನಲ್ಲಿ ಇದ್ದ ಹಾಗೆ ಮಾಡಕ್ಕೆ ಆಗದ ಕೆಲಸ ಯಾವುದು?’ ಎಂದು ಕೇಳಿ. ಎರಡನೇ ಪ್ರಶ್ನೆಗೆ ಬರುವ ಉತ್ತರಗಳಲ್ಲೇ ನಿಮ್ಮ ಮುಂದಿನ ಅಪಘಾತಗಳಿರುತ್ತವೆ. ಉತ್ತರ ಕೊಟ್ಟವನ ಹೆಸರು ಎಲ್ಲಿಯೂ ಬರೆಯಬೇಡಿ. ಒಮ್ಮೆ ಒಬ್ಬನಿಗೆ ತೊಂದರೆಯಾದರೆ ಆ ಸುದ್ದಿ ನಿಮ್ಮ ಕಂಪನಿಯ ಎಲ್ಲಾ ಹಡಗಿಗೂ ಹೋಗುತ್ತದೆ.

ಕೆಳಗಿನವರ ಮಾತು ಮೇಲಕ್ಕೆ ಹೋಗುತ್ತದಾ ಎಂದು ಅಳೆಯುವುದು ಎಲ್ಲಕ್ಕಿಂತ ಕಷ್ಟ. 2015ರ ಅಕ್ಟೋಬರ್ 1ರಂದು ಅಮೆರಿಕದ ಎಲ್ ಫಾರೋ ಎಂಬ ಸರಕು ಹಡಗು ಹೋಕಿನ್ ಚಂಡಮಾರುತದಲ್ಲಿ ಸಿಕ್ಕಿ ಮುಳುಗಿತು. ಇದ್ದ 33 ಜನರೂ ಹೋದರು. ಬ್ರಿಡ್ಜ್‌ನ ಮಾತುಗಳ ರೆಕಾರ್ಡಿಂಗ್ ಸಮುದ್ರದ ತಳದಿಂದ ಸಿಕ್ಕಿತು. ರಾತ್ರಿ ವಾಚ್‌ನಲ್ಲಿದ್ದ ಥರ್ಡ್ ಆಫೀಸರ್, ಆಮೇಲೆ ಸೆಕೆಂಡ್ ಆಫೀಸರ್, ಇಬ್ಬರೂ ಚಂಡಮಾರುತಕ್ಕೆ ಹತ್ತಿರವಾಗುತ್ತಿದ್ದೇವೆ ಎಂದು ಕ್ಯಾಪ್ಟನ್‌ಗೆ ಫೋನ್ ಮಾಡಿದ್ದರು. ಕ್ಯಾಪ್ಟನ್ ನೆಚ್ಚಿಕೊಂಡಿದ್ದ ಹವಾಮಾನ ಮಾಹಿತಿ ಗಂಟೆಗಟ್ಟಲೆ ಹಳೆಯದು. ಮಾರ್ಗ ಬದಲಾಗಲಿಲ್ಲ. ಆ ಆಫೀಸರ್‌ಗಳಿಗೆ ಅಪಾಯ ಕಂಡಿತ್ತು, ಅವರು ಹೇಳಿಯೂ ಇದ್ದರು. ಆದರೆ ‘ಸರ್, ನೀವು ಈಗಲೇ ಮೇಲೆ ಬರಬೇಕು’ ಎಂದು ಒತ್ತಿ ಹೇಳುವ ಅಭ್ಯಾಸ ನಮ್ಮ ಹಡಗುಗಳಲ್ಲಿ ಬೆಳೆದಿಲ್ಲ. ಭಾರತೀಯರಾದ ನಮ್ಮಲ್ಲಿ ದೊಡ್ಡವರಿಗೆ ಎದುರು ಮಾತಾಡಬಾರದು ಎನ್ನುವುದು ಮನೆಯಿಂದಲೇ ಬಂದಿರುತ್ತದೆ. ಇದನ್ನು ಪ್ರಶ್ನಾವಳಿಯಿಂದ ಅಳೆಯಲು ಬರುವುದಿಲ್ಲ. ಕಳೆದ ಆರು ತಿಂಗಳಲ್ಲಿ ಕಿರಿಯ ಆಫೀಸರ್ ಒಬ್ಬ ಕ್ಯಾಪ್ಟನ್ ನಿರ್ಧಾರ ಬದಲಾಯಿಸಿದ ಒಂದು ಉದಾಹರಣೆ ಕೊಡಿ ಎಂದು ಕ್ಯಾಪ್ಟನ್‌ನನ್ನೇ ಕೇಳಿ. ತಕ್ಷಣ ನೆನಪಾಗಿ ಖುಷಿಯಿಂದ ಹೇಳುವ ಕ್ಯಾಪ್ಟನ್ ಇದ್ದರೆ ಆ ಹಡಗಿನ ಬಗ್ಗೆ ನನಗೆ ಅರ್ಧ ನೆಮ್ಮದಿ.

ಮಾದರಿಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಮನುಷ್ಯ, ಯಂತ್ರ, ಪ್ರೊಸೀಜರ್, ಪರಿಸರ ಇವುಗಳ ನಡುವಿನ ಹೊಂದಾಣಿಕೆ ನೋಡುವ ಶೆಲ್ ಮಾದರಿ, ರಕ್ಷಣೆಯ ಪದರಗಳ ತೂತುಗಳು ಒಂದೇ ಸಾಲಿಗೆ ಬಂದಾಗ ಅಪಘಾತವಾಗುತ್ತದೆ ಎನ್ನುವ ಜೇಮ್ಸ್ ರೀಸನ್ ಅವರ ತೂತಿನ ಚೀಸ್ ಚಿತ್ರ, ಅಮೆರಿಕದ ನೌಕಾಪಡೆಯ ವಿಮಾನ ಅಪಘಾತಗಳಿಂದ ಬೆಳೆದ, ತಪ್ಪುಗಳ ಕಾರಣಗಳನ್ನು ವಿಂಗಡಿಸುವ ಎಚ್‌ಫ್ಯಾಕ್ಸ್, ಇವೆಲ್ಲ ಯಾವ ದಿಕ್ಕನ್ನೂ ಮರೆಯದಂತೆ ಕಾಯುತ್ತವೆ. ಅಷ್ಟಕ್ಕೆ ಬಳಸಿ. ಒಂದರಿಂದ ಐದರವರೆಗೆ ಅಂಕ ಕೊಟ್ಟು ‘ಈ ಹಡಗಿನ ಮಾನವ ಅಂಶ 3.7’ ಎಂದು ಬೋರ್ಡ್‌ಗೆ ತೋರಿಸುವುದನ್ನು ಮಾತ್ರ ಬೇಡ ಎನ್ನುತ್ತೇನೆ. ಅಂಕ ಬಂದ ಮೇಲೆ ಎಲ್ಲರೂ ಅಂಕ ಏರಿಸುವ ಕೆಲಸ ಮಾಡುತ್ತಾರೆ. ನಿಮ್ಮದು ಟ್ಯಾಂಕರ್ ಕಂಪನಿಯಾದರೆ 2024ರ ಸೆಪ್ಟೆಂಬರ್‌ನಿಂದ ಬಂದಿರುವ ಸೈರ್ 2.0 ತಪಾಸಣೆ ಒಳ್ಳೆಯ ದಾರಿ ತೋರಿಸುತ್ತದೆ. ಅಲ್ಲಿ ತಪಾಸಕ ಯಂತ್ರ, ಪ್ರೊಸೀಜರ್, ಮನುಷ್ಯ ಮೂರನ್ನೂ ಬೇರೆ ಬೇರೆ ನೋಡುತ್ತಾನೆ. ಮನುಷ್ಯನ ಕಡೆ ಕೊರತೆ ಕಂಡರೆ ಅವನ ಕೆಲಸದ ಮೇಲೆ ಪ್ರಭಾವ ಬೀರಿದ ಅಂಶ ಯಾವುದು ಎಂದೂ ಗುರುತಿಸಬೇಕು. ಆ ಪಟ್ಟಿಯನ್ನು ನಿಮ್ಮ ಸ್ವಂತ ತನಿಖೆಗೂ ಬಳಸಿಕೊಳ್ಳಬಹುದು.

ಹಾಗಾದರೆ ಯಾರಿಗೂ ಶಿಕ್ಷೆಯೇ ಬೇಡವಾ ಎಂದು ಆಫೀಸಿನಲ್ಲಿ ಖಂಡಿತ ಕೇಳುತ್ತಾರೆ. ಕುಡಿದು ವಾಚ್‌ಗೆ ಬಂದವನನ್ನು ಮನೆಗೆ ಕಳಿಸಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಉಳಿದ ಕಡೆ ಒಂದು ಪರೀಕ್ಷೆ ಮಾಡಿ. ಅದೇ ಅನುಭವದ ಬೇರೊಬ್ಬ ಒಳ್ಳೆಯ ನಾವಿಕನನ್ನು ಅದೇ ರಾತ್ರಿ, ಅಷ್ಟೇ ನಿದ್ದೆ, ಅಷ್ಟೇ ಜನ, ಅದೇ ಹಗ್ಗದ ಜೊತೆ ಅಲ್ಲಿ ನಿಲ್ಲಿಸಿದ್ದರೆ ಅವನೂ ಹಾಗೇ ಮಾಡುತ್ತಿದ್ದನಾ? ಹೌದು ಎಂದಾದರೆ ಒಬ್ಬನನ್ನು ಬದಲಾಯಿಸಿ ಏನೂ ಸಿಗದು.

ಮ್ಯಾನೇಜರ್‌ಗೆ ಚೆಕ್‌ಲಿಸ್ಟ್ ಬೇಕೇ ಬೇಕು ಎಂದರೆ ಕೊಡಿ. ಆದರೆ ಅದರ ಮೊದಲ ಪುಟ ಆಫೀಸಿನದ್ದಾಗಿರಲಿ. ಬಂದರಿನಲ್ಲಿ ಹಡಗು ಕಟ್ಟಿದ ಮೊದಲ ಆರು ಗಂಟೆಯಲ್ಲಿ ಕ್ಯಾಪ್ಟನ್‌ಗೆ ನಮ್ಮಿಂದ ಎಷ್ಟು ಮೇಲ್, ಎಷ್ಟು ಫೋನ್ ಹೋಗುತ್ತದೆ? ಸುರಕ್ಷತೆಗೆ ಸಂಬಂಧಿಸಿದ ರಿಕ್ವಿಸಿಷನ್ ತಿರಸ್ಕರಿಸುವ ಅಧಿಕಾರ ಯಾರಿಗಿದೆ, ಅದು ಡಿಪಿಎ ಕಣ್ಣಿಗೆ ಬೀಳುತ್ತದಾ? ‘ದಣಿವಾಗಿದೆ, ಆರು ಗಂಟೆ ತಡವಾಗಿ ಹೊರಡುತ್ತೇನೆ’ ಎಂದು ಕ್ಯಾಪ್ಟನ್ ಹೇಳಿದ್ದಕ್ಕೆ ಹೋದ ವರ್ಷ ನಾವು ಏನು ಉತ್ತರ ಕೊಟ್ಟೆವು? ಒಬ್ಬ ಕ್ಯಾಪ್ಟನ್ ಕೂಡ ಹಾಗೆ ಕೇಳಿಲ್ಲ ಎಂದರೆ ಯಾಕೆ ಕೇಳಲಿಲ್ಲ? ಐಎಸ್‌ಎಂ ಕೋಡ್ ಪ್ರಕಾರ ವರ್ಷದೊಳಗೆ ಒಮ್ಮೆ ಆಗಬೇಕಾದ ಆಂತರಿಕ ಆಡಿಟ್ ದಡದ ಆಫೀಸಿಗೂ ಅನ್ವಯಿಸುತ್ತದೆ. ಮುಂದಿನ ಆಡಿಟ್‌ನಲ್ಲಿ ಕ್ರೂಯಿಂಗ್ ಮತ್ತು ಪರ್ಚೇಸ್ ವಿಭಾಗಗಳ ಮೇಜಿಗೆ ಈ ಪುಟ ಹಿಡಿದುಕೊಂಡು ಹೋಗಿ. ಹೋಗುವ ಮೊದಲು ದಿನಾಂಕವನ್ನು ಮ್ಯಾನೇಜರ್ ಕೈಯಲ್ಲೇ ಬರೆಸಿಕೊಳ್ಳಿ. ಇಲ್ಲದಿದ್ದರೆ ಆ ಭಾಗ ಪ್ರತಿ ಸಲ ಮುಂದಿನ ವರ್ಷಕ್ಕೆ ಹೋಗುತ್ತದೆ.